ಬಂಜೆತನದ ಹೊಣೆ ಯಾರದು?

ಮಕ್ಕಳಾಗದ ಹೆಂಗಸಿಗೆ ನಮ್ಮ ನುಡಿಯಲ್ಲಿ 'ಬಂಜೆ' ಎಂಬ ಹೆಸರುಂಟು. ಗಂಡಸಿಗೆ ಅದಕ್ಕೆ ಸರಿದೊರೆಯಾದ ಪದವು ಬಳಕೆಯಲ್ಲಿಲ್ಲ. ಭಾಷೆಯ ಈ ಪಕ್ಷಪಾತವನ್ನು ನಿಸರ್ಗವು ಅರಿಯದು. ಸಂತಾನವಾಗದಿರುವ ಪ್ರಸಂಗಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಪುರುಷನ ದೋಷವೂ ಪಾಲುಗೊಂಡಿರುತ್ತದೆ. ವೀರ್ಯಾಣುಗಳ ಸಂಖ್ಯೆ ಕಡಮೆಯಿರಬಹುದು, ಚಲನೆ ಕುಂದಿರಬಹುದು. ಸೂಕ್ಷ್ಮದರ್ಶಕದ ಕೆಳಗೆ ನಡೆಸುವ ಸರಳ ಪರೀಕ್ಷೆಯಿಂದ ಇದು ಬಹುಮಟ್ಟಿಗೆ ತಿಳಿಯುತ್ತದೆ. ಆದರೂ ಅನೇಕ ಮನೆಗಳಲ್ಲಿ ಮೊದಲು ಆಸ್ಪತ್ರೆಯ ಮೆಟ್ಟಿಲು ಹತ್ತುವವಳು ಸೊಸೆ. ಮಗನ ಸರದಿ ಬರುವುದು ಕಟ್ಟಕಡೆಗೆ.

1978ರ ಜುಲೈ 25ರಂದು ಇಂಗ್ಲೆಂಡಿನಲ್ಲಿ ಪ್ರಪಂಚದ ಮೊದಲ ಪ್ರನಾಳಶಿಶುವು ಜನಿಸಿತು. ಅಲ್ಲಿ ತಾಯಿಯ ಅಂಡನಾಳಗಳು ಮುಚ್ಚಿದ್ದುವು. 1992ರಲ್ಲಿ ಬ್ರಸೆಲ್ಸಿನ ವಿಜ್ಞಾನಿಗಳು ಒಂದೇ ವೀರ್ಯಾಣುವನ್ನು ಅಂಡದೊಳಕ್ಕೆ ಸೇರಿಸಿ ಗರ್ಭಧಾರಣೆಯನ್ನು ಸಾಧಿಸಿದುದನ್ನು ಪ್ರಕಟಿಸಿದರು. ಇದು ಮುಖ್ಯವಾಗಿ ಪುರುಷನ ದೋಷಕ್ಕೆ ಪರಿಹಾರ. ಆದರೆ ಈ ಚಿಕಿತ್ಸೆಯಲ್ಲಿಯೂ ಹಾರ್ಮೋನುಗಳ ಚುಚ್ಚುಮದ್ದನ್ನೂ ಸೂಜಿಯಿಂದ ಅಂಡಗಳನ್ನು ಹೊರತೆಗೆಯುವ ಕ್ರಿಯೆಯನ್ನೂ ತಾಳಿಕೊಳ್ಳಬೇಕಾದುದು ಹೆಂಡತಿಯ ದೇಹವೇ. ಹಾಗೆ ನೋವುಣ್ಣುವವಳನ್ನೇ ಬಂಜೆಯೆಂದು ಹಳಿಯುವುದು ಅಜ್ಞಾನ ಮಾತ್ರವಲ್ಲ, ಅನ್ಯಾಯವೂ ಹೌದು.

ವಿದ್ಯಾರ್ಥಿಮಿತ್ರರೇ, ಪ್ರಯೋಗಶಾಲೆಯಲ್ಲಿ ವಿದ್ಯುನ್ಮಂಡಲವು ಕೆಲಸಮಾಡದಿದ್ದರೆ ನಾವು ಒಂದೇ ತಂತಿಯನ್ನು ದೂಷಿಸುತ್ತೇವೆಯೆ? ಎಲ್ಲ ಭಾಗಗಳನ್ನೂ ಪರೀಕ್ಷಿಸಿದ ಮೇಲೆಯೇ ತೀರ್ಮಾನಕ್ಕೆ ಬರುತ್ತೇವೆ. ಆ ನಿಯಮವು ಮನೆಗೂ ಸಲ್ಲಬೇಕು. ದಂಪತಿಗಳಿಬ್ಬರೂ ಮೊದಲ ದಿನವೇ ಜೊತೆಯಾಗಿ ವೈದ್ಯರನ್ನು ಕಾಣಲಿ.