ಗೊಬ್ಬರಕ್ಕೆ ಮುಂಚೆ ನೀರು ನೋಡಿ

ಪ್ರೇಯರ್ ಪ್ಲಾಂಟ್ ಕೊಳ್ಳಲು ಹೋದವರನ್ನು ನರ್ಸರಿಯವರು ಮೊದಲು ಕೇಳಬೇಕಾದ್ದು, 'ನಿಮ್ಮ ಮನೆಗೆ ಕಾವೇರಿ ನೀರು ಬರುತ್ತೋ, ಬೋರ್‌ವೆಲ್ಲೋ?' ಎಂದು. ಬೆಂಗಳೂರಿನಲ್ಲಿ ಯಾರೂ ಹಾಗೆ ಕೇಳಿದ್ದನ್ನು ನಾನು ಕಂಡಿಲ್ಲ. ಗಿಡದ ಜೊತೆಗೊಂದು ಗೊಬ್ಬರದ ಬಾಟಲಿಯನ್ನೂ ಮಾರಿ ಕಳಿಸುತ್ತಾರೆ. ಕೆಲವೇ ವಾರಗಳಲ್ಲಿ ಎಲೆಯ ತುದಿ ಸೀದ ಹಪ್ಪಳದಂತಾಗುತ್ತದೆ. ಆಗ ಕೊಂಡವರು ಇನ್ನಷ್ಟು ಗೊಬ್ಬರ ಸುರಿಯುತ್ತಾರೆ. ನೀರಿನ ಉಪ್ಪಿನಿಂದ ನರಳುವ ಬೇರಿಗೆ ಗೊಬ್ಬರದಿಂದ ಮತ್ತೂ ಉಪ್ಪು!

ನಮ್ಮ ಅಪಾರ್ಟ್‌ಮೆಂಟಿಗೆ ಬರುವುದು ಟ್ಯಾಂಕರ್ ನೀರು. ಬಕೆಟ್ಟಿನ ಅಂಚಿಗೆ ಬಿಳಿ ಪೊರೆ ಕಟ್ಟುವಷ್ಟು ಗಡಸು. ಕುಂಡದ ಮಣ್ಣಿನ ಮೇಲೂ ಅದೇ ಬಿಳುಪು. ಪಕ್ಕದ ಮನೆಯವರು ಆ ನೀರನ್ನು ರಾತ್ರಿಯಿಡೀ ತೆರೆದಿಟ್ಟು ಬೆಳಿಗ್ಗೆ ಹಾಕುತ್ತಾರೆ. ಕ್ಲೋರಿನ್ ಹಾರಿಹೋದೀತು, ಸುಣ್ಣದಂಶ ಎಲ್ಲಿಗೆ ಹೋಗಬೇಕು? ಇನ್ನು ಆರ್‌ಒ ಯಂತ್ರ ಹೊರಹಾಕುವ ನೀರು ದಂಡವಾಗಬಾರದೆಂದು ಗಿಡಕ್ಕೆ ಹಾಕುವವರೂ ಇದ್ದಾರೆ. ಅದರಲ್ಲಿ ಉಪ್ಪು ಇನ್ನೂ ಹೆಚ್ಚು. ಅದು ನೆಲ ಒರೆಸಲಿಕ್ಕಷ್ಟೇ ಸರಿ.

ಈ ಗಿಡದ ತವರು ಬ್ರೆಜಿಲಿನ ಮಳೆಕಾಡು. ದೊಡ್ಡ ಮರಗಳ ಅಡಿಯಲ್ಲಿ, ಸೋಸಿ ಬಂದ ಬೆಳಕಿನಲ್ಲಿ, ಎಲೆ ಕೊಳೆತ ಸಡಿಲ ಮಣ್ಣಿನಲ್ಲಿ ಮಳೆನೀರು ಕುಡಿದು ಬೆಳೆದ ಜಾತಿ. ಹಾಗಾಗಿ ನಾನು ಮೊದಲ ಮಳೆಯ ದೂಳು ತೊಳೆದುಹೋದ ಮೇಲೆ ಬಾಲ್ಕನಿಯಲ್ಲಿ ಬಕೆಟ್ ಇಟ್ಟು ನೀರು ಹಿಡಿದು, ಕ್ಯಾನಿಗೆ ತುಂಬಿ ಬಿಗಿಯಾಗಿ ಮುಚ್ಚಿಡುತ್ತೇನೆ. ಅದು ಮುಗಿದರೆ ಆರ್‌ಒದಲ್ಲಿ ಶುದ್ಧವಾದ ನೀರು. ಕುಡಿಯುವ ನೀರನ್ನು ಗಿಡಕ್ಕೆ ಹಾಕುವುದೇ ಎಂದು ನಮ್ಮ ಮನೆಯವರು ಗೊಣಗುತ್ತಾರೆ. ಸಣ್ಣ ಕುಂಡಕ್ಕೆ ಒಂದು ಲೋಟ ಸಾಕು, ಅದೂ ಮೇಲ್ಮಣ್ಣು ಒಣಗಿದಾಗ ಮಾತ್ರ.

ಸಂಜೆ ಎಲೆಗಳು ಮೇಲೇಳುವುದಕ್ಕೂ ನೀರೇ ಕಾರಣ. ಎಲೆಯ ಬುಡದಲ್ಲಿ, ತೊಟ್ಟು ಸೇರುವ ಕಡೆ, ಸಣ್ಣದೊಂದು ಉಬ್ಬು ಬೆರಳಿಗೆ ಸಿಗುತ್ತದೆ. ಅದರ ಒಂದು ಬದಿಯ ಕೋಶಗಳಲ್ಲಿ ನೀರು ತುಂಬಿ ಇನ್ನೊಂದು ಬದಿಯಲ್ಲಿ ಇಳಿದರೆ ಎಲೆ ಎದ್ದು ನಿಲ್ಲುತ್ತದೆ. ಕೈಮುಗಿದಂತೆ ಕಾಣುತ್ತದೆಂದು ಇದನ್ನು ಕಿಟಕಿಯಿಲ್ಲದ ದೇವರ ಮನೆಯಲ್ಲಿಡುವವರ ಭಕ್ತಿಗೆ ಏನನ್ನಬೇಕೋ! ನೇರ ಬಿಸಿಲು ಬೀಳದ, ಆದರೆ ಬೆಳಕಿರುವ ಕಿಟಕಿಯ ಪಕ್ಕವೇ ಇದಕ್ಕೆ ತಕ್ಕ ಜಾಗ. ಮಾರ್ಚ್–ಏಪ್ರಿಲ್‌ನ ಒಣಹವೆಯಲ್ಲಿ ಎಲೆಯ ಅಡಿ ತಿರುಗಿಸಿ ನೋಡಿ. ನವಿರಾದ ಬಲೆ ಕಂಡರೆ ನುಸಿ ಬಂದಿದೆಯೆಂದೇ ಅರ್ಥ. ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ.

ಪ್ರೇಯರ್ ಪ್ಲಾಂಟ್ ಹೆಸರಿನಲ್ಲಿ ಸಿಗುವ ಗಿಡಗಳಲ್ಲಿ ಹೊಸಬರು ದುಬಾರಿ ಕ್ಯಾಲಥಿಯದ ಬದಲು ಕೆಂಪು ನರದ ಮರಾಂಟದಿಂದ ಶುರುಮಾಡುವುದು ಒಳ್ಳೆಯದು. ಗೆಣ್ಣಿನ ಕೆಳಗೆ ಕತ್ತರಿಸಿ ನೀರಿನಲ್ಲಿಟ್ಟರೆ ಬೇರು ಬಿಡುತ್ತದೆ, ನೆಂಟರಿಗೂ ಕೊಡಬಹುದು. ಗಡಸು ನೀರು ಬಿಟ್ಟು ಬೇರೆ ಗತಿಯಿಲ್ಲ ಎನ್ನುವವರು ಎರಡರ ಆಸೆಯನ್ನೂ ಬಿಟ್ಟು ಮನಿಪ್ಲಾಂಟ್ ತನ್ನಿ. ಅದು ಆ ನೀರಿನಲ್ಲೂ ಬದುಕುತ್ತದೆ.