ಎಳೆಯ ಮಕ್ಕಳ ಪ್ರವಾಸವೂ ನಮ್ಮ ಹೊಣೆಯೂ

ಈ ಸ್ಮರಣ ಸಂಪುಟಕ್ಕೆ ವ್ಯಾಕರಣವನ್ನೋ ಹಳಗನ್ನಡವನ್ನೋ ಕುರಿತು ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿಕೊಂಡಿದ್ದರು. ಕನ್ನಡ ಪಂಡಿತನಿಂದ ಬೇರೇನನ್ನು ಅಪೇಕ್ಷಿಸಿಯಾರು? ಆದರೆ ಶಿಕ್ಷಕರೂ ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಒಟ್ಟಿಗೆ ಓದುವ ಸಂಪುಟವಿದು. ಈ ಮೂವರೂ ಕೂಡಿಯೇ ವಿಚಾರ ಮಾಡಬೇಕಾದ ಒಂದು ಸಂಗತಿಯನ್ನು, ಎಂದರೆ ಚಿಕ್ಕ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದಾಗ ನಾವು ಇಡಬೇಕಾದ ನಿಗಾದ ಸಂಗತಿಯನ್ನು, ಇಲ್ಲಿ ನಿವೇದಿಸಿಕೊಳ್ಳಲು ಅವರ ಅಪ್ಪಣೆಯನ್ನು ಪಡೆದಿದ್ದೇನೆ.

ಆದರೂ ಶಬ್ದವಿಚಾರವನ್ನು ಪೂರ್ತಿಯಾಗಿ ಬಿಡಲಾರೆ. ಮನೆಯನ್ನಗಲಿ ದೂರದಲ್ಲಿ ವಾಸಿಸುವುದೇ ‘ಪ್ರವಾಸ’ ಶಬ್ದದ ಮೂಲಾರ್ಥ. ಆಲಂಕಾರಿಕರು ವಿಪ್ರಲಂಭ ಶೃಂಗಾರದ ಒಂದು ಭೇದಕ್ಕೂ ಇದೇ ಹೆಸರನ್ನಿಟ್ಟಿದ್ದಾರೆ. ನೋಡತಕ್ಕ ಸ್ಥಳಗಳ ಪಟ್ಟಿಯೇ ಪ್ರವಾಸವೆಂದು ನಾವು ಈಗ ತಿಳಿದಿದ್ದೇವೆ. ಏಳೆಂಟು ವರ್ಷದ ಮಗುವಿನ ಪಾಲಿಗಾದರೋ ಆ ಹಳೆಯ ಅರ್ಥವೇ ಇಂದಿಗೂ ನಿಜ.

2019ರ ಜನವರಿಯಲ್ಲಿ ನಾವು ನಾಲ್ವರು ಶಿಕ್ಷಕರು 52 ಮಕ್ಕಳೊಡನೆ ಹೈದರಾಬಾದಿನ ಹೊರವಲಯದ ಒಂದು ಮನೋರಂಜನಾ ಉದ್ಯಾನಕ್ಕೆ ಹೋಗಿದ್ದೆವು. ಮೈಲೂರನ್ನು ಬಿಟ್ಟಾಗ ಬೆಳಗಿನ ನಾಲ್ಕು ಗಂಟೆ. ಬಸ್ಸಿನಲ್ಲಿ ಮೂರು ಗಂಟೆಗೂ ಮಿಕ್ಕ ದಾರಿ. ಅಲ್ಲಿ ಜಾತ್ರೆಯ ತೊಟ್ಟಿಲುಗಳನ್ನು ನಾಚಿಸುವ ದೊಡ್ಡ ದೊಡ್ಡ ಯಂತ್ರಗಳು. ಒಂದೊಂದರ ಬಾಗಿಲಲ್ಲಿಯೂ ಎತ್ತರವನ್ನು ಅಳೆಯುವ ಒಂದು ಕಂಬ. ಅದರ ಗೆರೆಯನ್ನು ಮುಟ್ಟದ ಮಗುವಿಗೆ ಪ್ರವೇಶವಿಲ್ಲ. ನಿಯಮ ಸರಿಯಾದುದೇ. ಆದರೆ ಆ ಕಂಬವು ಒಂದು ತರಗತಿಯನ್ನು ಕ್ಷಣಮಾತ್ರದಲ್ಲಿ ಎರಡಾಗಿ ಸೀಳಿಬಿಡುತ್ತದೆ. ಎತ್ತರದ ಮಕ್ಕಳೊಡನೆ ಶಿಕ್ಷಕನೂ ಒಳಹೊಕ್ಕರೆ ಗಿಡ್ಡ ಮಕ್ಕಳು ಯಾರ ಕೈಯಲ್ಲಿ? ನನ್ನ ಗುಂಪಿನಲ್ಲಿ ಗೆರೆಯನ್ನು ಮುಟ್ಟದವನು ಒಬ್ಬನೇ, ಮೂರನೆಯ ತರಗತಿಯ ಬಾಲಕ. “ಇಲ್ಲೇ ಕುಳಿತಿರು, ಈಗ ಬಂದೆ” ಎಂದು ಅವನನ್ನು ಮರದಡಿಯ ಒಂದು ಬೆಂಚಿನ ಮೇಲೆ ಕೂಡಿಸಿ ಒಳಗೆ ಹೋದೆ. ಹೊರಬರುವ ಬಾಗಿಲು ಮತ್ತೊಂದು ದಿಕ್ಕಿಗಿತ್ತು. ಉಳಿದ ಮಕ್ಕಳ ಗದ್ದಲದಲ್ಲಿ ಅವನನ್ನು ನಾನು ಮರೆತೆ.

ಸಂಜೆ ಬಸ್ಸಿನಲ್ಲಿ ತಲೆಗಳನ್ನು ಎಣಿಸಿದೆವು. 52. ಮತ್ತೊಬ್ಬರು ಎಣಿಸಿದರು, ಆಗಲೂ 52. ಬಸ್ಸು ಹೆದ್ದಾರಿಯನ್ನು ಸೇರುವ ಮೊದಲೇ ಹಿಂದಿನ ಆಸನದಿಂದ ಒಬ್ಬಳು ಹುಡುಗಿ, “ಸರ್, ಇವ ನಮ್ಮವ ಅಲ್ರಿ” ಎಂದು ಕೂಗಿದಳು. ನಮ್ಮಂತೆಯೇ ತಿಳಿನೀಲಿ ಅಂಗಿಯ ಸಮವಸ್ತ್ರವಿದ್ದ ಬೇರೊಂದು ಶಾಲೆಯ ಬಾಲಕನೊಬ್ಬ, ತನ್ನ ಬಸ್ಸೆಂದು ತಿಳಿದು ಏರಿ, ನಿದ್ರೆಹೋಗಿದ್ದನು. ಲೆಕ್ಕ ಸರಿಯಾಗಿತ್ತು; ನಮ್ಮ ಮಗು ಬಸ್ಸಿನಲ್ಲಿರಲಿಲ್ಲ. ನಾನು ಓಡಿದೆ. ಅವನು ಅದೇ ಬೆಂಚಿನ ಮೇಲೆ ಕುಳಿತಿದ್ದನು. ನೀರು ಕುಡಿಯಲಿಕ್ಕೂ ಎದ್ದಿರಲಿಲ್ಲ. “ನೀವೇ ಇಲ್ಲೇ ಕುಂದ್ರು ಅಂದಿದ್ರಿ, ಸರ್” ಎಂದನು. ಅಂದು ರಾತ್ರಿ ಅವನನ್ನು ತಾಯಿಯ ಕೈಗೊಪ್ಪಿಸುವಾಗ ಈ ಸಂಗತಿಯನ್ನು ಹೇಳುವ ಧೈರ್ಯ ನನಗೆ ಬರಲಿಲ್ಲ. ಮೂರು ದಿನಗಳ ಮೇಲೆ ಮನೆಗೆ ಹೋಗಿ ಹೇಳಿದೆನು. ಆ ತಾಯಿ ನನ್ನನ್ನು ಬಯ್ಯಲಿಲ್ಲ.

ನನ್ನ ಅದೃಷ್ಟ ಎಲ್ಲರಿಗೂ ಇರಲಿಲ್ಲ. 2024ರ ಜನವರಿ 18ರಂದು ವಡೋದರಾದ ಹರಣಿ ಕೆರೆಯಲ್ಲಿ, ಮಿತಿಮೀರಿ ಜನರನ್ನು ತುಂಬಿದ್ದ ದೋಣಿ ಮಗುಚಿ, ಪ್ರವಾಸಕ್ಕೆ ಬಂದಿದ್ದ 12 ಮಂದಿ ಮಕ್ಕಳೂ ಇಬ್ಬರು ಶಿಕ್ಷಕಿಯರೂ ತೀರಿಕೊಂಡರು. ಅದೇ ವರ್ಷ ಡಿಸೆಂಬರ್ ತಿಂಗಳಲ್ಲಿ ಮುಳಬಾಗಿಲು ತಾಲೂಕಿನ ವಸತಿ ಶಾಲೆಯೊಂದರ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಿನ ಪಾಲಾದರು. ಇಂಥ ವಾರ್ತೆ ಬಂದಾಗಲೆಲ್ಲ, ಪ್ರವಾಸವನ್ನೇ ನಿಲ್ಲಿಸಿಬಿಡಿ ಎಂಬ ಮಾತು ನಮ್ಮ ಸಭೆಗಳಲ್ಲಿ ಏಳುತ್ತದೆ. ನಾನು ಒಪ್ಪಲಾರೆ. ಮೈಲೂರಿನ ಕೂಲಿಕಾರರ ಮನೆಯ ಮಕ್ಕಳಲ್ಲಿ ಅನೇಕರು, ಅದರಲ್ಲಿಯೂ ಹೆಣ್ಣುಮಕ್ಕಳು, ಶಾಲೆ ಕರೆದೊಯ್ದರೆ ಮಾತ್ರ ಬೀದರಿನ ಗಡಿಯನ್ನು ದಾಟುತ್ತಾರೆ. ಮನೋರಂಜನಾ ಉದ್ಯಾನದಲ್ಲಿ ಏನು ಜ್ಞಾನಾರ್ಜನೆಯಾಗುತ್ತದೆಂದು ಹಿಂದೆ ನಾನೂ ಮೂಗು ಮುರಿದವನೇ. ನೀರಿನ ಜಾರುಬಂಡೆಯಿಂದ ಇಳಿದು ಬಂದ ಮಗುವಿನ ಮುಖವನ್ನು ಕಂಡ ಮೇಲೆ ಆ ಪ್ರಶ್ನೆಯನ್ನು ಕೈಬಿಟ್ಟಿದ್ದೇನೆ.

ದೂರದ ಉದ್ಯಾನ ಬೇಡ, ನಮ್ಮ ಕೋಟೆಯೇ ಸಾಕೆನ್ನುವವರೂ ಇದ್ದಾರೆ. ನಾಲ್ಕನೆಯ ತರಗತಿಯವರೆಗಿನ ಮಕ್ಕಳಿಗೆ ಸಮೀಪದ ಸ್ಥಳವೇ ಲೇಸೆಂಬುದು ನನ್ನ ಅಭಿಪ್ರಾಯವೂ ಹೌದು. ರಾತ್ರಿಯಲ್ಲಿ ಹೊರಟು ರಾತ್ರಿಯಲ್ಲಿ ಮರಳುವ ಪ್ರವಾಸದಲ್ಲಿ ಇಳಿಹೊತ್ತಿಗೆ ಮಕ್ಕಳಿಗಿಂತ ಮೊದಲು ಶಿಕ್ಷಕರೇ ಬಳಲಿರುತ್ತಾರೆ. ಆದರೆ ಸಮೀಪವೆಂದ ಮಾತ್ರಕ್ಕೆ ನಿರ್ಭಯವೆಂದು ತಿಳಿಯಬಾರದು. ಬೀದರಿನ ಕೋಟೆಯಲ್ಲಿ ಬಂಡೆಯನ್ನು ಕೊರೆದು ಮಾಡಿದ ಮೂರು ಸಾಲು ಕಂದಕಗಳಿವೆ, ಬಾವಿಗಳಿವೆ, ಎತ್ತರದ ಬುರುಜುಗಳಿವೆ. ಬುರುಜಿನ ಮೆಟ್ಟಿಲ ಬಳಿ ಎತ್ತರ ಅಳೆಯುವ ಕಂಬವಿಲ್ಲ. ಓಡುವ ಮಗುವನ್ನು ತಡೆಯತಕ್ಕವರು ನಾವೇ.

ತಲೆಯೆಣಿಕೆಯನ್ನು ನೆಚ್ಚುವುದನ್ನು ನಾವು ಮೊದಲು ಬಿಡಬೇಕು. ಎಂಟು ಮಕ್ಕಳಿಗೆ ಒಬ್ಬರಂತೆ ಹಿರಿಯರನ್ನು ಗೊತ್ತುಮಾಡಿ, ಆ ಎಂಟು ಹೆಸರುಗಳ ಚೀಟಿ ಅವರ ಜೇಬಿನಲ್ಲಿದ್ದು, ಬಸ್ಸನ್ನು ಏರುವಾಗ, ಊಟಕ್ಕೆ ಕೂಡುವಾಗ, ಒಂದು ಆಟದಿಂದ ಮತ್ತೊಂದಕ್ಕೆ ಸಾಗುವಾಗ ಹೆಸರು ಹಿಡಿದು ಕರೆದು ಮುಖವನ್ನು ನೋಡಬೇಕು. ಯಾವ ಮಗು ಯಾರ ಕೈಯಲ್ಲಿದೆಯೆಂಬುದು ಅದರ ತಾಯಿಗೆ ಹೊರಡುವ ಮುನ್ನವೇ ತಿಳಿದಿರಬೇಕು. ಗಿಡ್ಡ ಮಕ್ಕಳೊಡನೆ ಹೊರಗುಳಿಯುವವರು ಯಾರೆಂಬುದು ಕಂಬದ ಬಳಿ ನಿಂತು ತೀರ್ಮಾನಿಸುವ ವಿಷಯವೇ ಅಲ್ಲ.

ನೀರಿನ ಬಳಿ ಎಂಟಕ್ಕೊಬ್ಬರೂ ಸಾಲದು. ನೀರಿಗಿಳಿಯುವವರು ನೈಲಾನು ಉಡುಪನ್ನೇ ತೊಡಬೇಕೆಂಬುದು ಈ ಉದ್ಯಾನಗಳಲ್ಲಿ ಸಾಮಾನ್ಯ ನಿಯಮ. ಆಗ ನಾವು ಗುರುತು ಹಿಡಿಯುವ ಸಮವಸ್ತ್ರವೂ ಹೆಸರಿನ ಬಿಲ್ಲೆಯೂ ಲಾಕರಿನಲ್ಲಿ ಉಳಿದು, ಬಾಡಿಗೆಯ ಉಡುಪಿನಲ್ಲಿ ಎಲ್ಲ ಮಕ್ಕಳೂ ಒಂದೇ ತೆರನಾಗಿ ಕಾಣುತ್ತಾರೆ. ಮುಂಗೈಗೆ ಬಣ್ಣದ ಪಟ್ಟಿಯೊಂದನ್ನು ಕಟ್ಟಿ, ಅಳಿಸದ ಶಾಯಿಯಿಂದ ದೂರವಾಣಿ ಸಂಖ್ಯೆಯನ್ನು ಬರೆದರೆ ಖರ್ಚು ಹೆಚ್ಚಾಗದು. ಮುಳುಗುವ ಮಗು ಕೂಗಿಕೊಳ್ಳುತ್ತದೆಂಬುದು ತಪ್ಪು ತಿಳಿವಳಿಕೆ. ಉಸಿರಿಗೇ ಎಡೆಯಿಲ್ಲದಿರುವಾಗ ಕೂಗುವುದೆಲ್ಲಿಂದ? ಅದು ಸದ್ದಿಲ್ಲದೆ, ಒಂದೆರಡು ನಿಮಿಷದೊಳಗೆ, ಮುಗಿದುಹೋಗುತ್ತದೆ. ಅಷ್ಟು ಹೊತ್ತು ಶಿಕ್ಷಕನ ಕಣ್ಣು ಮೊಬೈಲಿನ ಚಿತ್ರಗಳಲ್ಲಿದ್ದರೆ ಸಾಕು. ದಂಡೆಯಲ್ಲಿ ನಿಂತವರ ಕೈಯಲ್ಲಿ ಮೊಬೈಲು ಇರಲೇಬಾರದು.

ಇನ್ನೊಂದು ಮಾತು. ‘ಅನಾಹುತಕ್ಕೆ ಶಾಲೆ ಹೊಣೆಯಲ್ಲ’ ಎಂದು ಅಚ್ಚುಹಾಕಿಸಿದ ಕಾಗದಕ್ಕೆ ಹೆತ್ತವರ ಸಹಿಯನ್ನು ಪಡೆಯುವ ರೂಢಿ ಅಲ್ಲಲ್ಲಿ ಬೆಳೆದಿದೆ. ಓದು ಬಾರದ ತಾಯಿಯಿಂದ ಹೆಬ್ಬೆಟ್ಟು ಒತ್ತಿಸಿಕೊಂಡು ಹೊಣೆಯನ್ನು ಕಳಚಿಕೊಳ್ಳುವ ಸಂಸ್ಥೆ ಪ್ರವಾಸವನ್ನು ಹೊರಡಿಸದಿರುವುದೇ ಮೇಲು.

ನಮ್ಮ ನುಡಿಯಲ್ಲಿ ‘ಪೋಷಕ’ರೆಂದರೆ ಮಕ್ಕಳ ತಾಯಿತಂದೆಗಳೂ ಹೌದು, ಸಂಸ್ಥೆಗೆ ನೆರವೀಯುವ ದಾನಿಗಳೂ ಹೌದು. ಪ್ರವಾಸಕ್ಕೆ ಧನವಿತ್ತ ಮಹನೀಯರು ಎಷ್ಟು ಮಕ್ಕಳು ಹೋದರು, ಎಷ್ಟು ದೂರ ಹೋದರು ಎಂದು ಕೇಳುತ್ತಾರೆ. ವರದಿಯಲ್ಲಿ ನಾವೂ ಅದನ್ನೇ ಅಚ್ಚುಮಾಡುತ್ತೇವೆ. ಜೊತೆಯಲ್ಲಿ ಹಿರಿಯರು ಎಷ್ಟು ಮಂದಿಯಿದ್ದರೆಂದು ಅವರು ಕೇಳಲಾರಂಭಿಸಿದರೆ ನಮ್ಮ ಏರ್ಪಾಡು ತಾನಾಗಿಯೇ ಬದಲಾದೀತು. 52 ಮಕ್ಕಳಿಗೆ ಎಂಟಕ್ಕೊಬ್ಬರಂತೆ ಏಳು ಮಂದಿ ಬೇಕು, ನಾವಿದ್ದುದು ನಾಲ್ವರು. ಉಳಿದ ಮೂವರ ಟಿಕೆಟ್ಟಿನ ವೆಚ್ಚವನ್ನು ದಾನಿಗಳು ವಹಿಸಲಿ. ಬೀದರ, ಭಾಲ್ಕಿ, ಔರಾದಗಳಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳಲ್ಲಿ, ಅದರಲ್ಲಿಯೂ ಈಜು ಬಲ್ಲವರು, ವರ್ಷಕ್ಕೊಂದು ದಿನವನ್ನು ಕೊಡಲಿ. ವಿದ್ಯಾರ್ಥಿನಿಯರೊಡನೆ ಹೋಗಲು ಹಳೆಯ ವಿದ್ಯಾರ್ಥಿನಿಯರೂ ಬೇಕು. ಒಪ್ಪುವವರು ದೀಪಾವಳಿಯ ರಜೆಗೆ ಮುಂಚೆ ಮುಖ್ಯೋಪಾಧ್ಯಾಯರ ಕಚೇರಿಯಲ್ಲಿ ಹೆಸರನ್ನು ಬರೆಸಿದರೆ, ಮಕ್ಕಳ ಚೀಟಿಗಳನ್ನು ಹಂಚುವ ಕೆಲಸವನ್ನು ನಾನೇ ಮಾಡಿಕೊಡುತ್ತೇನೆ.