ಬಾಳೆ ಸಸಿ ಕೊಳ್ಳುವ ಮುನ್ನ ನಂಜಾಣು ಪರೀಕ್ಷೆಯಾಗಿದೆಯೇ ಎಂದು ಕೇಳಿರಿ

ಅಂಗಾಂಶ ಕೃಷಿಯ ಬಾಳೆ ಸಸಿಗಳಿಗೆ ಈಗ ಬೇಡಿಕೆ ಹೆಚ್ಚಾಗಿದೆ. ‘ಅಂಗಾಂಶ ಕೃಷಿಯ ಸಸಿ ಎಂದಮೇಲೆ ರೋಗವೇ ಇಲ್ಲ’ ಎಂಬ ಮಾತೂ ಜೊತೆಗೇ ಹಬ್ಬಿದೆ. ರೈತ ಬಾಂಧವರೇ, ಇದು ಅರ್ಧ ನಿಜ ಮಾತ್ರ. ಕಂದಿನೊಡನೆ ಬರುವ ಜಂತುಹುಳು, ಮೂತಿಹುಳುಗಳ ಕಾಟ ಇವುಗಳಲ್ಲಿ ಇರುವುದಿಲ್ಲ. ಆದರೆ ತಾಯಿಗಿಡದಲ್ಲಿ ನಂಜಾಣು (ವೈರಸ್) ಇದ್ದರೆ, ಅದರಿಂದ ಎಬ್ಬಿಸಿದ ಸಾವಿರಾರು ಸಸಿಗಳಿಗೂ ಅದು ದಾಟಬಹುದು.

ಬಂಚಿ ಟಾಪ್ ಎಂಬ ಎಲೆಗುಚ್ಛ ರೋಗವನ್ನೇ ನೋಡಿರಿ. ಎಲೆಗಳು ಕಿರಿದಾಗಿ, ನೆಟ್ಟಗಾಗಿ, ತುದಿಯಲ್ಲಿ ಗುಂಪುಗೂಡುತ್ತವೆ. ಎಲೆದಂಟಿನ ಮೇಲೆ ಕಡುಹಸಿರು ಗೆರೆಗಳು ಮೂಡುತ್ತವೆ. ಎಳೆಯದರಲ್ಲೇ ರೋಗ ತಗುಲಿದ ಗಿಡ ಗೊನೆ ಹಾಕುವುದಿಲ್ಲ. ಇದಕ್ಕೆ ಮದ್ದಿಲ್ಲ. ಲಕ್ಷಣ ಕಾಣುವ ಮೊದಲೇ ನಂಜಾಣು ಗಿಡದಲ್ಲಿ ಅಡಗಿರುತ್ತದೆ. ಆದ್ದರಿಂದ ಕಣ್ಣಿಗೆ ಹಸಿರಾಗಿ ಕಂಡ ಸಸಿಯನ್ನು ನಂಬುವಂತಿಲ್ಲ.

ಹಾಗಾದರೆ ಪತ್ತೆ ಹೇಗೆ? ರೋಗದ ಎಲೆಗಳನ್ನು ತಣ್ಣನೆಯ ದ್ರಾವಣದಲ್ಲಿ ಅರೆದು, ಸೋಸಿ, ಅತಿವೇಗದ ಯಂತ್ರದಲ್ಲಿ ತಿರುಗಿಸುತ್ತಾರೆ. ಮೊಸರು ಕಡೆದಾಗ ಬೆಣ್ಣೆ ಮೇಲೆ ಬರುತ್ತದೆ. ಇಲ್ಲಿ ನಂಜಾಣು ತಳಕ್ಕೆ ಇಳಿಯುತ್ತದೆ. ಹೀಗೆ ಶುದ್ಧಗೊಳಿಸಿದ ನಂಜಾಣುವನ್ನು ಮೊಲಕ್ಕೆ ಚುಚ್ಚಿದರೆ, ಅದರ ರಕ್ತದಲ್ಲಿ ಆ ನಂಜಾಣುವನ್ನು ಗುರುತಿಸಿ ಹಿಡಿಯುವ ಪ್ರತಿಕಾಯಗಳು ಹುಟ್ಟುತ್ತವೆ. 1970ರ ದಶಕದಿಂದ ಬಳಕೆಯಲ್ಲಿರುವ ಎಲಿಸಾ ಪರೀಕ್ಷೆಯಲ್ಲಿ ಎಲೆರಸಕ್ಕೆ ಈ ಪ್ರತಿಕಾಯಗಳನ್ನು ಸೇರಿಸುತ್ತಾರೆ. ಸಾಮಾನ್ಯವಾಗಿ ಹಳದಿ ಬಣ್ಣ ಬಂದರೆ ನಂಜಾಣು ಇದೆ ಎಂದರ್ಥ. ಇನ್ನೂ ಅಲ್ಪ ಪ್ರಮಾಣದಲ್ಲಿರುವುದನ್ನು ಪಿಸಿಆರ್ ವಿಧಾನ ಪತ್ತೆಹಚ್ಚುತ್ತದೆ.

ಈ ಪರೀಕ್ಷೆ ಪ್ರಯೋಗಶಾಲೆಯಲ್ಲೇ ಉಳಿದರೆ ರೈತನಿಗೆ ಲಾಭವೇನು? ಇದಕ್ಕಾಗಿಯೇ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯು 2006ರಲ್ಲಿ ಅಂಗಾಂಶ ಕೃಷಿ ಸಸಿಗಳ ರಾಷ್ಟ್ರೀಯ ಪ್ರಮಾಣೀಕರಣ ವ್ಯವಸ್ಥೆಯನ್ನು ತಂದಿತು. ಆದರೂ ಎಲ್ಲ ಮಾರಾಟಗಾರರ ಬಳಿ ಪ್ರಮಾಣಪತ್ರ ಇರುವುದಿಲ್ಲ. ರೈತರು ಕೇಳದಿದ್ದರೆ ತೋರಿಸುವವರೂ ಕಡಿಮೆ.

ಆದುದರಿಂದ ಸಸಿ ಕೊಳ್ಳುವಾಗ ನಂಜಾಣು ಪರೀಕ್ಷೆಯ ಪ್ರಮಾಣಪತ್ರ ಕೇಳಿರಿ. ಅದರಲ್ಲಿರುವ ತಂಡದ ಸಂಖ್ಯೆ ನಿಮಗೆ ಕೊಟ್ಟ ಸಸಿಗಳದ್ದೇ ಎಂದು ತಾಳೆ ನೋಡಿರಿ. ರಸೀದಿಯನ್ನು ಜೋಪಾನವಾಗಿ ಇಡಿರಿ. ಪರೀಕ್ಷಿಸಿದ ಸಸಿಗೂ ತೋಟದಲ್ಲಿ ಸಸ್ಯಹೇನಿನಿಂದ ರೋಗ ತಗುಲಬಹುದು. ರೋಗದ ಗಿಡ ಕಂಡರೆ ಮೊದಲು ಹೇನು ಸಾಯುವಂತೆ ಶಿಫಾರಸು ಮಾಡಿದ ಕೀಟನಾಶಕ ಸಿಂಪಡಿಸಿ, ಬಳಿಕ ಗಡ್ಡೆ, ಕಂದು ಸಹಿತ ಕಿತ್ತು ನಾಶಮಾಡಿರಿ. ಆ ಗುಂಡಿಯ ಕಂದನ್ನು ನೆರೆಯವರಿಗೂ ಕೊಡಬೇಡಿರಿ.